ಓಟದ ಮುನ್ನಾದಿನ

ದೂರದ ಪ್ರಯಾಣದ ಮುನ್ನಾದಿನ ನಾವು ಮಾಡಬಹುದಾದುದು ಬಹಳ ಸ್ವಲ್ಪ. ಈಗ ನಾನು ಹೇಳಹೊರಟಿರುವುದು 1980ರ ಏಪ್ರಿಲ್ 11ನೆಯ ತಾರೀಖಿನ ಮಾತು. ಮರುದಿನ ಟೆರಿ ಫಾಕ್ಸ್ ಎಂಬ ಇಪ್ಪತ್ತೊಂದರ ತರುಣ ಕೆನಡಾದ ಪೂರ್ವದಂಚಿನ ಸೇಂಟ್ ಜಾನ್ಸ್‌ನಿಂದ ಪಶ್ಚಿಮ ಸಾಗರದ ಕಡೆಗೆ ಓಟ ತೊಡಗುವವನಿದ್ದನು. ದಿನಕ್ಕೊಂದು ಮ್ಯಾರಥಾನ್, ಅಂದರೆ 42 ಕಿಲೋಮೀಟರು; ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವುದು ಉದ್ದೇಶ. ಮೂಳೆಯ ಕ್ಯಾನ್ಸರಿನಿಂದ ಆತನ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ 1977ರಲ್ಲಿಯೇ ಕತ್ತರಿಸಿದ್ದರು. ವ್ಯಾನು ನಡೆಸಲು ಜೊತೆಗೊಬ್ಬ ಗೆಳೆಯ, ಅಷ್ಟೆ.

ಮುನ್ನಾದಿನ ಸಾಮಾನು ಕಟ್ಟಬಹುದು, ನಿದ್ರೆಯನ್ನು ಕರೆಯಬಹುದು. ಕಾಲಿಗೆ ಬಲ ತುಂಬುವುದು ಆ ದಿನದ ಕೆಲಸವಲ್ಲ. ಅದಕ್ಕಾಗಿ ಆತ ಒಂದು ವರ್ಷಕ್ಕೂ ಮಿಕ್ಕಿ, ಕೃತಕ ಕಾಲು ಉಜ್ಜಿ ರಕ್ತ ಒಸರುತ್ತಿದ್ದರೂ, 5,000 ಕಿಲೋಮೀಟರು ಓಡಿ ಮುಗಿಸಿದ್ದನು. 1979ರ ಪಂದ್ಯವೊಂದರಲ್ಲಿ ಎಲ್ಲರಿಗಿಂತ ಕೊನೆಯವನಾಗಿ ಗುರಿ ಮುಟ್ಟಿದ ಮೇಲೆಯೇ ದೇಶ ದಾಟುವ ಮಾತನ್ನು ಮನೆಯವರಿಗೆ ತಿಳಿಸಿದ್ದು. ಮೊದಲಿಗನಾಗಿದ್ದರೆ ಅಷ್ಟಕ್ಕೇ ತೃಪ್ತನಾಗುತ್ತಿದ್ದನೋ ಏನೋ!

ಮರುದಿನ ಕೃತಕ ಕಾಲನ್ನು ಅಟ್ಲಾಂಟಿಕ್ ಕಡಲಿನಲ್ಲಿ ಅದ್ದಿ, ಎರಡು ಸೀಸೆ ನೀರು ತುಂಬಿಕೊಂಡನು: ಒಂದು ನೆನಪಿಗೆ, ಇನ್ನೊಂದು ಪೆಸಿಫಿಕ್‌ಗೆ ಸುರಿಯಲು. 143 ದಿನಗಳಲ್ಲಿ 5,373 ಕಿಲೋಮೀಟರು ಸಾಗಿದಾಗ ರೋಗ ಶ್ವಾಸಕೋಶಕ್ಕೆ ಹಬ್ಬಿ, ಥಂಡರ್ ಬೇ ಬಳಿ ಓಟ ನಿಂತಿತು. 1981ರ ಜೂನ್ 28ರಂದು ಆತ ತೀರಿಕೊಂಡನು. ಆ ಸೀಸೆಯ ನೀರನ್ನು ಸುರಿಯುವ ದಿನ ಆತನಿಗೆ ಕೂಡಿಬರಲಿಲ್ಲ.