ಕೊಟ್ಟಿಗೆಗೆ ದೀಪ ಕಟ್ಟುವ ಮುನ್ನ
(ಗ್ರಾಮಸೇವಕರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು 1905ರಲ್ಲಿ. ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಲ್ಲಿನ ಹಳೆಯ ಮನೆಗಳನ್ನು ಈಗ ಕೆಡವಿ ಅಂತಸ್ತಿನ ಮನೆಗಳನ್ನು ಕಟ್ಟುತ್ತಿದ್ದಾರೆ. ಬಾಗಿಲು, ಕಿಟಕಿಗಳ ಜೊತೆಗೆ ಹಳೆಯ ದೀಪಗಳೂ ಕನಕಪುರ ರಸ್ತೆಯ ನಮ್ಮ ಹಳ್ಳಿಗಳಿಗೆ ಅಗ್ಗದ ಬೆಲೆಗೆ ಬರುತ್ತಿವೆ. ತಪ್ಪೇನಿಲ್ಲ. ನಾನೂ ಒಂದನ್ನು ತಂದವನೇ.

ಕಬ್ಬಿಣದ ಕೊಳವೆಯ ಗಟ್ಟಿ ದೀಪ. ನಮ್ಮ ಕೊಟ್ಟಿಗೆಯ ಕಬ್ಬಿಣದ ಕಂಬಕ್ಕೆ ಬಿಗಿದು ಸ್ವಿಚ್ ಹಾಕಿದೆ, ಚೆನ್ನಾಗಿಯೇ ಉರಿಯಿತು. ಮೂರನೆಯ ದಿನ ಮಳೆ ಬಂತು. ಹಸು ಕೊಟ್ಟಿಗೆಯೊಳಕ್ಕೆ ಕಾಲಿಡಲು ಒಪ್ಪಲಿಲ್ಲ. ನಮ್ಮಮ್ಮ ಕಂಬ ಮುಟ್ಟಿ, "ಏನೋ ಇದು, ಜುಂ ಅಂತದಲ್ಲೋ!" ಎಂದು ಕೈ ಕೊಡವಿದರು. ಮೈನ್ ಇಳಿಸಿ ಬಿಚ್ಚಿ ನೋಡಿದರೆ, ಕೊಳವೆಯ ಬಾಯಿಯ ಚೂಪಿಗೆ ವೈರಿನ ಹೊದಿಕೆ ಕೊಯ್ದುಹೋಗಿ ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. ದೀಪ ಉರಿದ ಮಾತ್ರಕ್ಕೆ ಸರಿಯಾಗಿದೆ ಎಂದು ತಿಳಿಯಬಾರದೆಂದು ಡಿಪ್ಲೊಮಾ ಓದಿದ ನನಗೆ ಆ ಹಸು ಕಲಿಸಿತು. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ಒದ್ದೆ ನೆಲದಲ್ಲಿ ಕರೆಂಟು ಒಂದು ಕಾಲಿನಿಂದ ಹತ್ತಿ, ಎದೆಯ ಮೂಲಕ ಹಾಯ್ದು, ಇನ್ನೊಂದು ಕಾಲಿನಿಂದ ಇಳಿಯುತ್ತದೆ. ನಮಗೆ ಬರಿಯ ಜುಂ ಎನ್ನುವುದು ಅದರ ಪ್ರಾಣಕ್ಕೆ ಬಂದೀತು.

ಆದಕಾರಣ ದೀಪವನ್ನು ಕಟ್ಟುವ ಮೊದಲೇ, ಕರೆಂಟು ಕೊಡದೆ ಪರೀಕ್ಷಿಸಿರಿ. ಟಾರ್ಚಿನ ಎರಡು ಸೆಲ್ಲು, ಹಳೆಯ ಬಗೆಯ ಒಂದು ಟಾರ್ಚ್ ಬಲ್ಬು, ಎರಡು ತುಂಡು ವೈರು ಸಾಕು. ಮೊದಲು ವೈರುಗಳ ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿ, ಟಾರ್ಚ್ ಬಲ್ಬು ಉರಿಯುವುದನ್ನು ನೋಡಿಕೊಳ್ಳಿ. ದೀಪದಲ್ಲಿರುವ ಬಲ್ಬನ್ನು ತೆಗೆದಿಡಿ. ಕಬ್ಬಿಣದ ಬಣ್ಣವನ್ನು ಕೊಂಚ ಕೆರೆದು ಅಲ್ಲಿಗೆ ಒಂದು ತುದಿ ಒತ್ತಿ. ಇನ್ನೊಂದನ್ನು ದೀಪದ ಕೆಂಪು ವೈರಿಗೆ, ಬಳಿಕ ಕಪ್ಪು ವೈರಿಗೆ ಮುಟ್ಟಿಸಿ. ಉರಿದರೆ ವೈರು ಕಬ್ಬಿಣಕ್ಕೆ ತಾಗಿದೆ ಎಂದರ್ಥ. ವೈರನ್ನು ಅಲುಗಾಡಿಸುತ್ತಲೇ ನೋಡಿ. ನನ್ನ ದೀಪದ ದೋಷ ಹಾಗೆ ಅಲುಗಿಸಿದಾಗ ಮಾತ್ರ ಕಾಣಿಸುತ್ತಿತ್ತು. ಕೆಂಪಿಗೂ ಕಪ್ಪಿಗೂ ನಡುವೆ ಉರಿದರೆ ಒಳಗೆ ಷಾರ್ಟ್ ಇದೆ. ಹಸಿರು ವೈರಿಗೂ ಕಬ್ಬಿಣಕ್ಕೂ ನಡುವೆ ಮಾತ್ರ ಉರಿಯಲೇಬೇಕು, ಅದು ಅರ್ತಿಂಗ್. ಹಸಿರು ವೈರೇ ಇಲ್ಲದ ಕಬ್ಬಿಣದ ದೀಪವನ್ನು, ವೈರ್‌ಮನ್ ಅದನ್ನು ಜೋಡಿಸಿಕೊಡುವವರೆಗೆ, ಕೊಟ್ಟಿಗೆಗೆ ತರಬೇಡಿ. ಹೊಸ ವೈರುಗಳಲ್ಲಿ ಕೆಂಪಿನ ಬದಲು ಕಂದು, ಕಪ್ಪಿನ ಬದಲು ನೀಲಿ ಇರುವುದುಂಟು.

ಇಷ್ಟಾದರೂ ಒಂದು ಮಾತು. ಎರಡು ಸೆಲ್ಲಿನದು 3 ವೋಲ್ಟು. ಮನೆಯ ಕರೆಂಟು 230. ತೇವದಿಂದ ಹೊದಿಕೆ ಮೆತ್ತಗಾಗಿದ್ದರೆ ಸೆಲ್ಲಿಗೆ ತಿಳಿಯದು. ಅದಕ್ಕೆ ವೈರ್‌ಮನ್ ಹತ್ತಿರ ಮೆಗ್ಗರ್ ಎಂಬ ಯಂತ್ರವಿರುತ್ತದೆ. 500 ವೋಲ್ಟು ಕೊಟ್ಟು ಅಳೆಯುತ್ತಾರೆ. ಲೈನಿಗೆ ಜೋಡಿಸುವ ಕೆಲಸವೂ ಅವರದೇ. ಸ್ವಿಚ್ಚು ಫೇಸಿಗೇ ಇರಲಿ ಎಂದು ಕೇಳಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ, ಸೋರಿಕೆಯಾದ ಕೂಡಲೇ ಅದು ಲೈನನ್ನು ಕಡಿದುಹಾಕುತ್ತದೆ. ಅದರ ಬೆಲೆ ಕೇಳಿ ಹಿಂಜರಿಯುವವರು ಒಂದು ಕರಾವಿನ ಹಸುವಿನ ಬೆಲೆಯನ್ನೂ ಪಕ್ಕದಲ್ಲಿ ಬರೆದು ನೋಡಿ.

ಸೆಲ್ಲು, ಬಲ್ಬು ನನ್ನ ಚೀಲದಲ್ಲೇ ಇವೆ. ಕಟ್ಟದೆ ಇಟ್ಟಿರುವ ದೀಪ ಮನೆಯಲ್ಲಿದ್ದವರು ಹೋಗಿ ತನ್ನಿ, ಈ ಜಗಲಿಯ ಮೇಲೇ ನೋಡಿಬಿಡೋಣ.