ತೂಗುಗೊಕ್ಕೆ ಮತ್ತು ಅದರ ಹದ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬೇಸಾಯಗಾರನ ಮನೆಯಲ್ಲಿ ಕೊಕ್ಕೆಯಿಲ್ಲದ ತೊಲೆಯು ಅಪರೂಪ. ತಕ್ಕಡಿಯು ತೂಗುವುದು ಕೊಕ್ಕೆಯಿಂದ. ಇಲಿಗೆ ಸಿಕ್ಕದಂತೆ ಬೀಜದ ಗಂಟನ್ನು ಕಟ್ಟುವುದು ಕೊಕ್ಕೆಗೆ. ಹಬ್ಬದ ದಿನ ಕುರಿಯನ್ನು ಹಸನುಮಾಡಿ ಇಳಿಬಿಡುವುದೂ ಕೊಕ್ಕೆಗೇ. ಎತ್ತು ಕೊಳ್ಳುವಾಗ ಹಲ್ಲು ನೋಡುವ ರೈತನು, ನೇಗಿಲು ಕೊಳ್ಳುವಾಗ ಮರದ ಜಾತಿಯನ್ನು ವಿಚಾರಿಸುವ ರೈತನು, ಕೊಕ್ಕೆಯ ವಿಷಯದಲ್ಲಿ ಮಾತ್ರ “ಯಾವುದಾದರೂ ಒಂದು ಕಬ್ಬಿಣದ ಚೂರು ಬಗ್ಗಿಸಿಕೊಡಿ” ಎಂದು ಕಮ್ಮಾರನಿಗೆ ಹೇಳಿ ಹೋಗುವನು. ಆ ಕೊಕ್ಕೆಯ ಕೆಳಗೆ ಕುಳಿತು ಕತ್ತಿಯಿಂದ ಕೆಲಸಮಾಡುವವರು ಮನೆಯವರೇ ಎಂಬುದು ಆಗ ನೆನಪಿಗೆ ಬರುವುದಿಲ್ಲ. ಆದುದರಿಂದ, ಮಾಂಸವನ್ನು ತೂಗುಹಾಕುವ ಉಕ್ಕಿನ ಕೊಕ್ಕೆಯನ್ನು ಕುಲುಮೆಯಲ್ಲಿ ಹೇಗೆ ಮಾಡಿಸಬೇಕು, ಮಾಡಿಸುವಾಗ ಯಾವುದನ್ನು ನೋಡಿಕೊಳ್ಳಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲು ಒಂದು ತಪ್ಪುಭಾವನೆಯನ್ನು ಹೋಗಲಾಡಿಸಬೇಕಾಗಿದೆ. ಕುಡುಗೋಲು, ಮಚ್ಚು, ಕೊಡಲಿ, ಇವುಗಳಿಗೆ ಬಾಯಿ ಗಟ್ಟಿಯಾಗಿರಬೇಕು. ಕಮ್ಮಾರನು ಇವುಗಳನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ ಹದಮಾಡುವುದನ್ನು ಎಲ್ಲರೂ ಹುಡುಗತನದಿಂದ ನೋಡಿರುವರು. ಇದರಿಂದ, ನೀರಿನಲ್ಲಿ ಅದ್ದಿದ ಉಕ್ಕೇ ಒಳ್ಳೆಯ ಉಕ್ಕು ಎಂಬ ನಂಬಿಕೆಯು ಬೇರೂರಿದೆ. ಆಯುಧದ ಅಂಚಿಗೆ ಇದು ಸರಿ. ಭಾರವನ್ನು ಹೊರುವ ಕೊಕ್ಕೆಗೆ ಸರಿಯಲ್ಲ. ಕತ್ತಿಯ ಕೆಲಸ ಕೊಯ್ಯುವುದು. ಕೊಕ್ಕೆಯ ಕೆಲಸ ತಾಳುವುದು. ಗಟ್ಟಿಯಾದ ಉಕ್ಕು ಗಾಜಿನ ಸ್ವಭಾವದ್ದು. ಭಾರ ಮಿತಿಮೀರಿದರೆ ಯಾವ ಸೂಚನೆಯನ್ನೂ ಕೊಡದೆ ಪಟ್ಟನೆ ಮುರಿಯುವುದು. ಮೆದು ಉಕ್ಕಾದರೋ ಮೊದಲು ಬಾಗುವುದು, ಬಾಯಿ ತೆರೆಯುವುದು, ಕಣ್ಣಿರುವವನಿಗೆ ಕಾಣುವುದು. ಮುರಿಯುವುದು ಅದಾದ ಬಹಳ ಹೊತ್ತಿನ ಮೇಲೆ.

ಕಪಿಲೆಬಾವಿಗಳು ನಡೆಯುತ್ತಿದ್ದ ಕಾಲದಲ್ಲಿ ಈ ಭೇದವು ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ಇಳಿಜಾರಿನಲ್ಲಿ ಜೋಡೆತ್ತು ಎಳೆಯುತ್ತಿರುವಾಗ ತೊಗಲಿನ ಚೀಲವನ್ನು ಹಿಡಿದ ಕಬ್ಬಿಣವು ಮುರಿದರೆ ಎತ್ತುಗಳು ಮುಗ್ಗರಿಸಿ ಬೀಳುತ್ತಿದ್ದವು. ಬಾವಿಯಲ್ಲಿ ಹೂಳು ತೆಗೆಯುವವರಿದ್ದರೆ ಅವರ ಗತಿಯನ್ನು ಹೇಳಬೇಕಾದುದಿಲ್ಲ. ಕಪಿಲೆ ಹೋಯಿತು, ಪಂಪು ಬಂದಿತು. ಕಬ್ಬಿಣದ ಸ್ವಭಾವವು ಬದಲಾಗಲಿಲ್ಲ.

ಇನ್ನು ಉಕ್ಕಿನ ಆಯ್ಕೆ. ಕಬ್ಬಿಣಕ್ಕೆ ಇಂಗಾಲವು ಅಲ್ಪ ಪ್ರಮಾಣದಲ್ಲಿ ಸೇರಿದಾಗ ಉಕ್ಕಾಗುವುದು. ನೂರು ಭಾಗಕ್ಕೆ ಕಾಲು ಭಾಗಕ್ಕಿಂತ ಕಡಿಮೆ ಇಂಗಾಲವಿದ್ದರೆ ಮೆದು ಉಕ್ಕು. ಅದನ್ನು ನೀರಿನಲ್ಲಿ ಅದ್ದಿದರೂ ಹೆಚ್ಚು ಗಟ್ಟಿಯಾಗದು. ಅರ್ಧ ಭಾಗವನ್ನು ದಾಟಿದರೆ ಸ್ಪ್ರಿಂಗಿನ ಉಕ್ಕು. ಒಂದು ಭಾಗದ ಸುತ್ತಮುತ್ತ ಇದ್ದರೆ ಅರ ಮೊದಲಾದುವುಗಳ ಉಕ್ಕು. ಒಂದು ಕಾಲದಲ್ಲಿ ಮೈಸೂರು ಸೀಮೆಯ ಮೂಸೆಗಳಲ್ಲಿ ತಯಾರಾಗುತ್ತಿದ್ದ ಉಕ್ಕು ಪರದೇಶಗಳಲ್ಲಿ ‘ವೂಟ್ಜ್’ ಎಂದು ಪ್ರಸಿದ್ಧವಾಗಿತ್ತು. ಆ ಹೆಸರು ಕನ್ನಡದ ಉಕ್ಕು ಎಂಬ ಮಾತಿನಿಂದಲೇ ಹುಟ್ಟಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು ಇಲ್ಲಿನ ಕಬ್ಬಿಣದ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿರುವನು. ಅದು ಕತ್ತಿಗೆ ಹೆಸರಾದ ಉಕ್ಕು, ಇಂಗಾಲವು ಬಹಳ. ಅಂತಹ ಕೀರ್ತಿವಂತ ಉಕ್ಕಿನಿಂದ ತೂಗುಗೊಕ್ಕೆಯನ್ನು ಮಾಡಿ ನೀರಿನಲ್ಲಿ ಅದ್ದಿದ್ದರೆ ಅದು ಹತ್ತು ರೂಪಾಯಿನ ಸಲಾಕೆಯ ಕೊಕ್ಕೆಗಿಂತಲೂ ಕೀಳಾಗುತ್ತಿತ್ತು!

ಹೀಗಿರಲಾಗಿ, ರೈತನು ಮಾಡುವುದೇನು? ಹಿತ್ತಲಿನಲ್ಲಿ ಬಿದ್ದ ಹಳೆಯ ಅರವನ್ನೋ, ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಯನ್ನೋ ತಂದು ಕುಲುಮೆಯ ಮುಂದೆ ಹಾಕುವನು. “ಆಚಾರ್ರೇ, ಇದು ಜಬರದಸ್ತು ಉಕ್ಕು. ಇದರಲ್ಲೇ ಮಾಡಿ, ಚೆನ್ನಾಗಿ ಹದ ಕೊಡಿ.” ಆಚಾರಿಗೆ ಇದು ತಪ್ಪೆಂದು ಒಳಗೊಳಗೇ ಗೊತ್ತಿದ್ದರೂ, “ಆಗಲಿ ಗೌಡರೇ” ಎನ್ನುವನು. ಆಯದ ಪದ್ಧತಿಯಿದ್ದ ದಿನಗಳಲ್ಲಿ ಸುಗ್ಗಿಯ ಕಣದಲ್ಲಿ ಧಾನ್ಯವನ್ನು ಅಳೆಯುವವರ ಮಾತನ್ನು ಕಮ್ಮಾರನು ಮೀರುವಂತಿರಲಿಲ್ಲ. ಹಣದ ಕೂಲಿ ಬಂದ ಮೇಲೆಯೂ ಆ ಸಂಕೋಚವು ಪೂರ್ತಿ ಹೋಗಿಲ್ಲ. ಕೊಕ್ಕೆ ಮುರಿದಾಗ ಮಾತ್ರ ದೋಷವೆಲ್ಲವೂ ಅವನ ಮೇಲೆ. ನ್ಯಾಯವಾಗಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ದೋಷವು ಹೇಳಿ ಮಾಡಿಸಿದವನದು.

ಈ ಉಳಿತಾಯವಾದರೂ ಎಷ್ಟು? 10 ಮಿಲಿಮೀಟರ್ ದಪ್ಪದ ಮೆದು ಉಕ್ಕಿನ ದುಂಡು ಸಲಾಕೆಯು ಒಂದು ಮೀಟರಿಗೆ ಸುಮಾರು 617 ಗ್ರಾಂ ತೂಗುವುದು. ಒಂದು ಕೊಕ್ಕೆಗೆ ಬೇಕಾದುದು ಒಂದು ಅಡಿ. ಅದು 200 ಗ್ರಾಂ ಸಹ ತೂಗದು. ಅಷ್ಟು ಹೊಸ ಸಲಾಕೆಯನ್ನು ಕೊಂಡುಕೊಡುವುದೇ ಮೇಲು. ಮೈಮೇಲೆ ಗೆರೆಗಳೆದ್ದ ಕಟ್ಟಡದ ಕಂಬಿಯು ಬೇಡ; ಆ ಗೆರೆಗಳ ಸಂದಿಯಲ್ಲಿ ಬಿರುಕು ಹುಟ್ಟುವುದುಂಟು, ಮಾಂಸದ ಜಿಡ್ಡೂ ಕೊಳೆಯೂ ನಿಲ್ಲುವುದು. ಸತುವಿನ ಲೇಪವುಳ್ಳ ಬಿಳಿಯ ಕಂಬಿಯಂತೂ ಕೂಡವೇ ಕೂಡದು. ಕುಲುಮೆಗೆ ಇಟ್ಟೊಡನೆ ಏಳುವ ಬಿಳಿಯ ಹೊಗೆಯನ್ನು ಕುಡಿದ ಕಮ್ಮಾರನಿಗೆ ಅದೇ ರಾತ್ರಿ ಚಳಿಜ್ವರ ಬರುವುದು.

ಸಲಾಕೆಯ ಜಾತಿಯು ಸಂದೇಹವಾದರೆ ಪರೀಕ್ಷೆಯು ಸುಲಭ. ತುದಿಯ ಎರಡಂಗುಲವನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ, ಆರಿದ ಮೇಲೆ ಅರದಿಂದ ಉಜ್ಜಿ ನೋಡಬೇಕು. ಅರವು ಕಚ್ಚಿ ತಿಂದರೆ ಮೆದು. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಗಟ್ಟಿ ಉಕ್ಕು. ಬಳಿಕ ಆ ತುದಿಯನ್ನು ಇಕ್ಕುಳದಲ್ಲಿ ಹಿಡಿದು, ಮುಖವನ್ನು ಅತ್ತ ತಿರುಗಿಸಿಕೊಂಡು, ಸುತ್ತಿಗೆಯಿಂದ ಹೊಡೆಯಬೇಕು. ಬಗ್ಗಿದರೆ ಕೊಕ್ಕೆಗೆ ಯೋಗ್ಯ. ತುಂಡಾದರೆ ಅದನ್ನು ಉಳಿಗೋ ಕುಡುಗೋಲಿಗೋ ತೆಗೆದಿಡಲಿ.

ಕೆಲಸದ ಕ್ರಮವು ಹೀಗೆ. ಕುಲುಮೆಯು ನೆರಳಿನಲ್ಲಿರತಕ್ಕದ್ದು. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣವು ಕಣ್ಣಿಗೆ ಮೋಸಮಾಡುವುದರಿಂದ, ಕಮ್ಮಾರರು ಮಾಡಿನ ಕೆಳಗೆ ಅರೆಗತ್ತಲಿನಲ್ಲಿ ಕುಳಿತು ದುಡಿಯುವರು. ಅದು ಬಡತನದ ಲಕ್ಷಣವಲ್ಲ, ಕಸಬಿನ ಜಾಣತನ. ಇದ್ದಿಲಾದರೆ ಉತ್ತಮ. ಕಲ್ಲಿದ್ದಲಾದರೆ ಮೊದಲ ಹಳದಿ ಹೊಗೆಯು ಪೂರ್ತಿ ಹೋಗುವವರೆಗೆ ಸಲಾಕೆಯನ್ನು ಇಡಬಾರದು. ಅದರಲ್ಲಿರುವ ಗಂಧಕವು ಕಾದ ಕಬ್ಬಿಣಕ್ಕೆ ಸೇರಿದರೆ ಬಡಿಯುವಾಗಲೇ ಬಿರುಕು ಬಿಡುವುದು.

ತಿದಿಯನ್ನು ಒತ್ತಿ ತುದಿಯನ್ನು ಕಿತ್ತಳೆಯ ಬಣ್ಣ ಕಳೆದು ಹಳದಿಗೆ ತಿರುಗುವವರೆಗೆ ಕಾಯಿಸಬೇಕು. ಮುಂದೆ ಹೋಗಿ ಬಿಳಿಯ ಬಣ್ಣ ಬಂದು ಮತಾಪಿನಂತೆ ಕಿಡಿ ಸಿಡಿದರೆ ಉಕ್ಕು ಸುಟ್ಟಿತೆಂದು ತಿಳಿಯಬೇಕು. ಸುಟ್ಟ ಭಾಗವನ್ನು ಕತ್ತರಿಸಿ ಎಸೆಯುವುದಲ್ಲದೆ ಬೇರೆ ಚಿಕಿತ್ಸೆಯಿಲ್ಲ. ಎಷ್ಟು ಬಡಿದರೂ ಅದು ಮತ್ತೆ ಕೂಡದು.

ಮೊನೆಯನ್ನು ಎಳೆಯುವುದರಲ್ಲಿಯೇ ಕುಶಲತೆಯು ಇರುವುದು. ಅವಸರದ ಕೈಯವರು ದುಂಡು ಸಲಾಕೆಯನ್ನು ತಿರುಗಿಸುತ್ತ ದುಂಡಾಗಿಯೇ ಬಡಿಯುವರು. ಹೀಗೆ ಮಾಡಿದರೆ ಹೊರಮೈ ಮುಂದೆ ಓಡಿ ನಡುವು ಹಿಂದೆ ಉಳಿಯುವುದು. ತುದಿಯು ಮೀನಿನ ಬಾಯಿಯಂತೆ ಟೊಳ್ಳಾಗಿ, ಒಳಗೆ ಸೀಳು ಹುದುಗಿರುವುದು. ಸರಿಯಾದ ರೀತಿಯೆಂದರೆ ಮೊದಲು ನಾಲ್ಕು ಮೂಲೆಯಾಗಿ ಬಡಿದು ಚೂಪುಮಾಡುವುದು, ಆಮೇಲೆ ಮೂಲೆಗಳನ್ನು ಮುರಿದು ಎಂಟು ಮೂಲೆಮಾಡುವುದು, ಕಡೆಯಲ್ಲಿ ಹಗುರವಾದ ಪೆಟ್ಟಿನಿಂದ ದುಂಡುಮಾಡುವುದು. ಒಂದಂಗುಲಕ್ಕಿಂತ ಸ್ವಲ್ಪ ಹೆಚ್ಚಿನ ಸಲಾಕೆಯು ಎರಡೂವರೆ ಅಂಗುಲದ ಮೊನೆಯಾಗುವುದು. ದಪ್ಪದಿಂದ ಮೊನೆಗೆ ಇಳಿಜಾರು ಮೆಲ್ಲಮೆಲ್ಲನೆ ಸಾಗಬೇಕು. ನಡುವೆ ಕುತ್ತಿಗೆಯಂತೆ ಸಣ್ಣಗಾದ ಜಾಗವಿರಬಾರದು. ಎರಡನೆಯ ತುದಿಯು ತೊಲೆಯ ಸರಳಿಗೆ ಹಾಕುವಂಥದು. ಅದಕ್ಕೆ ಮೊನೆ ಬೇಡ. ಮೊಂಡಾಗಿ ಉರುಟುಮಾಡಿದರೆ ಸಾಕು, ತಲೆಯೆತ್ತಿದವನ ಹಣೆಗೆ ಚುಚ್ಚದು.

ಬಗ್ಗಿಸುವಾಗ ಪುನಃ ಕಾಯಿಸಬೇಕು. ಹಳ್ಳಿಯ ಅಡಿಗಲ್ಲುಗಳಿಗೆ ಕೊಂಬು ಇಲ್ಲದಿರುವುದೇ ಹೆಚ್ಚು. ಒಂದೂವರೆ ಅಂಗುಲ ದಪ್ಪದ ದುಂಡು ಕಬ್ಬಿಣವೊಂದನ್ನು ನೆಟ್ಟುಕೊಂಡರೆ ಅದೇ ಅಚ್ಚಾಗುವುದು. ಅಡಿಗಲ್ಲಿನ ಚೂಪು ಅಂಚಿನ ಮೇಲೆ ಮಡಿಸುವ ಅಭ್ಯಾಸವನ್ನು ಬಿಡಿಸಬೇಕು. ಭಾರವು ಕೂತಾಗ ಎಳೆತವೆಲ್ಲ ಬಾಗಿನ ಒಳಮೈಯಲ್ಲಿ ಸೇರುವುದು. ಅಲ್ಲಿ ಮೂಲೆಯೋ ಸುತ್ತಿಗೆಯ ಗಾಯವೋ ಇದ್ದರೆ ಬಿರುಕಿಗೆ ಬಾಗಿಲು ತೆರೆದಂತೆ. ತೆಳು ಮೊನೆಯು ಹೊಡೆತಕ್ಕೆ ಸೊಟ್ಟಗಾಗದಿರಲೆಂದು ಅದಕ್ಕೆ ಮಾತ್ರ ಸ್ವಲ್ಪ ನೀರು ತಗುಲಿಸುವುದುಂಟು. ಮೆದು ಉಕ್ಕಿನಲ್ಲಿ ಇದು ಬಾಧಕವಲ್ಲ. ಒಂದು ತುದಿಯನ್ನು ಈ ಕಡೆಗೂ ಮತ್ತೊಂದನ್ನು ಆ ಕಡೆಗೂ ಬಗ್ಗಿಸಿದಾಗ ಸುಮಾರು 7 ಅಂಗುಲ ಎತ್ತರದ ಕೊಕ್ಕೆಯಾಗುವುದು. ಮೇಲಿನ ಬಾಗೂ ಕೆಳಗಿನ ಬಾಗೂ ಒಂದೇ ನೂಲಿನ ನೇರಕ್ಕೆ ಬರುವಂತೆ ಅದನ್ನು ತಿದ್ದತಕ್ಕದ್ದು. ದಾರವೊಂದನ್ನು ಇಳಿಬಿಟ್ಟು ನೋಡಿದರೆ ಇದು ಗೊತ್ತಾಗುವುದು. ನೇರ ತಪ್ಪಿದ ಕೊಕ್ಕೆಯು ಭಾರ ಬಿದ್ದೊಡನೆ ವಾಲಿ, ಮಾಂಸವನ್ನು ಮೊನೆಯ ಕಡೆಗೆ ಜಾರಿಸುವುದು.

ಕೆಂಪು ಮಾಸಿ ಕಪ್ಪಾದ ಮೇಲೆ ತಿದ್ದುವ ಆಸೆಯನ್ನು ಅಡಗಿಸಿಕೊಳ್ಳಬೇಕು. ಸುಮಾರು 300 ಡಿಗ್ರಿಯ ಶಾಖದಲ್ಲಿ, ಎಂದರೆ ಉಜ್ಜಿದ ಉಕ್ಕಿನ ಮೇಲೆ ನೀಲಿಬಣ್ಣ ತೋರುವ ಹೊತ್ತಿನಲ್ಲಿ, ಮೆದು ಉಕ್ಕು ಸಹ ಪೆಡಸಾಗಿರುವುದು. ಇನ್ನೊಂದು ಪೆಟ್ಟು, ಇನ್ನೊಂದೇ ಪೆಟ್ಟು ಎಂದು ಹೊಡೆದ ಎಷ್ಟೋ ಒಳ್ಳೆಯ ಕೆಲಸವು ಈ ಹೊತ್ತಿನಲ್ಲಿ ಕೆಟ್ಟಿದೆ. ಇದ್ದಿಲಿನ ಖರ್ಚು ಒಂದು ಹಿಡಿ ಹೆಚ್ಚಾದರೂ ಚಿಂತೆಯಿಲ್ಲ, ಮತ್ತೆ ಕಾಯಿಸಲಿ.

ಈಗ ಮುಖ್ಯ ಘಟ್ಟ. ಕೊಕ್ಕೆಯ ರೂಪವು ಮುಗಿದ ಮೇಲೆ ಅದನ್ನೆಲ್ಲ ಒಂದೇ ಸಮನಾಗಿ ಹೊಳೆಯುವ ಕೆಂಪಿಗೆ ಕಾಯಿಸಿ, ಗಾಳಿ ಬೀಸದ ಮೂಲೆಯಲ್ಲಿ ಒಣ ಮರಳಿನ ಮೇಲೆ ಇಟ್ಟು ತಾನಾಗಿಯೇ ಆರಗೊಡಬೇಕು. ಬಡಿತದಿಂದ ಉಕ್ಕಿನಲ್ಲಿ ಕಟ್ಟಿಕೊಂಡ ಬಿಗುವೆಲ್ಲವೂ ಇದರಿಂದ ಸಡಿಲುವುದು. ಕೊಕ್ಕೆಗೆ ಇದೇ ಹದ. ನೀರಿನ ಬಾನಿಯು ಪಕ್ಕದಲ್ಲಿಯೇ ಇರುವುದು, “ಗೌಡರೇ, ನೀರಿಗೆ ಹಾಕಲೇ?” ಎಂದು ಆಚಾರಿಯು ಕೇಳುವನು, ಹುಡುಗರು ಚುಂಯೆಂಬ ಸದ್ದನ್ನು ಕೇಳಲು ಕಾದಿರುವರು. ಆಗ ಬೇಡವೆನ್ನತಕ್ಕದ್ದು. ಅರ್ಧ ಗಂಟೆ ಕಾಯುವ ತಾಳ್ಮೆಯಿಲ್ಲದವನು ಬೆಳಗ್ಗೆ ಬಂದು ತೆಗೆದುಕೊಂಡು ಹೋಗಲಿ.

ಆರಿದ ಮೇಲೆ ಮೈಮೇಲಿನ ಕಪ್ಪು ಹೊಪ್ಪಳೆಯನ್ನು ಉಜ್ಜಿ ತೆಗೆದು, ಮೊನೆಯನ್ನು ಅರದಿಂದ ನಯಮಾಡಬೇಕು. ಅರವು ಉದ್ದಕ್ಕೆ ಸಾಗಬೇಕೇ ಹೊರತು ಬಾಗಿಗೆ ಅಡ್ಡಲಾಗಿ ಗೀರಕೂಡದು. ಕೈಗೆ ಚುರುಕ್ಕೆನ್ನುವಷ್ಟು ಪುನಃ ಬಿಸಿಮಾಡಿ ಕಡಲೇಕಾಯಿ ಎಣ್ಣೆಯನ್ನು ತೆಳ್ಳಗೆ ಸವರಿ, ಹೊಗೆಯಾಡುವವರೆಗೆ ಕೆಂಡದ ಮೇಲ್ಗಡೆ ಹಿಡಿದರೆ ಕರಿಯ ಪೊರೆ ಕಟ್ಟಿ ತುಕ್ಕನ್ನು ತಡೆಯುವುದು. ಬಣ್ಣ ಬಳಿಯುವುದು ಬೇಡ. ಅದು ಚಕ್ಕೆಯೆದ್ದು ಮಾಂಸಕ್ಕೆ ಸೇರುವುದು. ಪಟ್ಟಣದ ಅಂಗಡಿಗಳಲ್ಲಿ ತುಕ್ಕು ಹಿಡಿಯದ ಉಕ್ಕಿನ ಕೊಕ್ಕೆಗಳು ದೊರೆಯುವುವು. ದಿನವಹಿ ಮಾಂಸ ಮಾರುವವರಿಗೆ ಅವೇ ಅನುಕೂಲ. ವರ್ಷಕ್ಕೆ ನಾಲ್ಕಾರು ಸಲ ಉಪಯೋಗಿಸುವ ಮನೆಗೆ ಊರಿನ ಕುಲುಮೆಯ ಕೊಕ್ಕೆಯೇ ಸಾಕು. ಬಳಸಿದೊಡನೆ ಬಿಸಿನೀರು, ಸೀಗೆಪುಡಿಗಳಿಂದ ತೊಳೆದು, ಬೆಂಕಿಗೆ ಹಿಡಿದು ಒಣಗಿಸಿ, ಎಣ್ಣೆ ಸವರಿ ಇಡಬೇಕು.

ಮನೆಗೆ ತಂದ ಕೊಕ್ಕೆಯನ್ನು ನೇರವಾಗಿ ಕೆಲಸಕ್ಕೆ ಹಾಕದೆ ಪರೀಕ್ಷಿಸತಕ್ಕದ್ದು. ಕೊಕ್ಕೆಯ ಬಾಯಿಯ ಅಗಲಕ್ಕೆ ಸರಿಯಾಗಿ ಒಂದು ಕಡ್ಡಿಯನ್ನು ಮುರಿದಿಟ್ಟುಕೊಳ್ಳಬೇಕು. ಹಸನುಮಾಡಿದ ಕುರಿಯು 20 ಕಿಲೋ ಇರಬಹುದಾದರೆ, 40 ಕಿಲೋ ಮರಳಿನ ಮೂಟೆಯನ್ನು ನೆಲದಿಂದ ನಾಲ್ಕೇ ಬೆರಳು ಮೇಲೆ ತೂಗಹಾಕಿ, ಹತ್ತಿರ ಮಕ್ಕಳನ್ನು ಬಿಡದೆ, ಒಂದು ಹಗಲು ಹಾಗೆಯೇ ಇಡಬೇಕು. ಸಾಯಂಕಾಲ ಕಡ್ಡಿಯನ್ನು ಬಾಯಿಗೆ ಹಿಡಿದಾಗ ಮೊದಲಿನಂತೆಯೇ ಕೂತರೆ ಕೊಕ್ಕೆಯು ಪಾಸಾಯಿತು. ಸಡಿಲವಾದರೆ ಆಚಾರಿಗೆ ಹಿಂದಿರುಗಿಸಿ, ಇನ್ನೂ ದಪ್ಪದ ಸಲಾಕೆಯಲ್ಲಿ ಮಾಡಿಸಬೇಕು. ತೆರೆದುಕೊಂಡ ಬಾಯನ್ನು ತಣ್ಣಗಿರುವಾಗಲೇ ಕಲ್ಲಿನಿಂದ ಬಡಿದು ಮುಚ್ಚಿ ಮತ್ತೆ ಬಳಸುವುದು ಅನೇಕರ ಚಾಳಿ. ಒಮ್ಮೆ ತೆರೆದ ಕೊಕ್ಕೆಯು ತನ್ನ ಶಕ್ತಿಯ ಮಿತಿಯನ್ನು ಹೇಳಿಬಿಟ್ಟಿದೆ. ಅದನ್ನು ಹಗ್ಗ ನೇತುಹಾಕುವುದಕ್ಕೆ ಇಟ್ಟುಕೊಳ್ಳಬಹುದು.

ಆ ಅಳತೆಯ ಕಡ್ಡಿಯನ್ನು ಎಸೆಯದೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟು, ಪ್ರತಿ ಹಬ್ಬದ ಹಿಂದಿನ ದಿನ ಕೊಕ್ಕೆಯ ಬಾಯಿಗೆ ಹಿಡಿದು ನೋಡಬೇಕು. ಗುರುತಿಗಾಗಿ ಹೆಸರಿನ ಅಕ್ಷರವನ್ನೋ ಇಸವಿಯನ್ನೋ ಕೊರೆಯಿಸುವುದಾದರೆ ಮೇಲಿನ ಮೊಂಡುತುದಿಯಲ್ಲಿ ಕೊರೆಯಿಸಬಹುದು. ಬಾಗಿನ ಮೇಲೆ ಮಾತ್ರ ಉಳಿಯನ್ನು ಇಡಗೊಡಬಾರದು.