ಸೋರುವ ಮನೆ, ನಮ್ಮ ಪಾಲಿನ ಹಣ

(ಸಂಘದ ವಾರ್ಷಿಕೋತ್ಸವದಲ್ಲಿ ಗೌಂಡಿ ಕೆಲಸದ ಹಿರಿಯರೊಬ್ಬರು ಮಾಡಿದ ಭಾಷಣ)



ನಾನು ಭಾಷಣ ಮಾಡುವವನಲ್ಲ, ಗೌಂಡಿ. ಮೂವತ್ತು ವರ್ಷ ಕಲ್ಲು, ಮಣ್ಣು, ಸಿಮೆಂಟಿನ್ಯಾಗ ಕೈ ಹಾಕಿದವನು. ಅಕ್ಕಲಕೋಟ ಕಡೆಯಿಂದ ಮರವಡೆಗೆ ಬರುವಾಗ ಮಂಗಳವೇಢೆ ದಾಟಿ ಬಂದೆ. ಸಂತ ಚೋಖಾಮೇಳಾ ನೆನಪಾದರು. 1338ರಲ್ಲಿ ಅಲ್ಲಿ ಊರಗೋಡೆ ಕಟ್ಟುವ ಕೆಲಸಕ್ಕೆ ಹೋದಾಗ ಆ ಗೋಡೆಯೇ ಕುಸಿದು ತೀರಿಕೊಂಡರು ಅಂತ ಹಿರಿಯರು ಹೇಳುತ್ತ ಬಂದಿದ್ದಾರೆ. ಊರಗೋಡೆ ಕಟ್ಟಿದವರು ನಾವು. ನಮ್ಮ ಮನೆ ಗೋಡೆ ಮಾತ್ರ ಇವತ್ತಿಗೂ ಮಳೆಗೆ ಬೀಳ್ತದ. ಅದರ ಬಗ್ಗೆನೇ ನಾಲ್ಕು ಮಾತು ಹೇಳ್ತೀನಿ.

2020ರ ಅಕ್ಟೋಬರ್ ಮಳೆ ನಿಮಗೆಲ್ಲ ನೆನಪಿರಬೇಕು. ಬೋರಿ ಹೊಳೆ ತುಂಬಿ ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತು. ಆಗಿನ ಮುಖ್ಯಮಂತ್ರಿಗಳು ಸಾಂಗವಿ ಖುರ್ದಕ್ಕೆ ಬಂದು ನೋಡಿ ಹೋದರು. ಅದೇ ಮಳ್ಯಾಗ ನಮ್ಮ ಅವ್ವನ ಮಾಳಗಿ ಮನಿ ಹಿಂದಿನ ಗ್ವಾಡಿ ರಾತ್ರಿ ಬಿತ್ತು. ಅವ್ವ ಮುಂದಿನ ಪಡಸಾಲ್ಯಾಗ ಮಲಗಿದ್ದಳು, ಉಳಿದಳು. ಮರುದಿನ ನಾನು ಹೋಗಿ ಮಣ್ಣು ಎತ್ತಿ ಹಾಕಿ, ಕಲ್ಲು ಒಂದು ಕಡೆ ಒಟ್ಟಿ, ತಾಡಪತ್ರಿ ಕಟ್ಟಿದೆ. ಗೌಂಡಿ ಕೈ ನೋಡ್ರಿ, ಸುಮ್ಮನಿರಲಿಲ್ಲ. ನಾಲ್ಕು ದಿನದ ಮೇಲೆ ಪಂಚನಾಮಾಕ್ಕ ಬಂದವರು ಕೇಳಿದರು: “ಬಿದ್ದದ್ದು ಎಲ್ಲಿ ಅದ?” ಫೋಟೋ ತೆಗೆದಿರಲಿಲ್ಲ. ಉತಾರಾದಾಗ ಅಜ್ಜನ ಹೆಸರು. ಅಜ್ಜ ಹೋಗಿ ಇಪ್ಪತ್ತು ವರ್ಷ ಆಗಿತ್ತು. “ಅಜ್ಜನ್ನ ಕರಕೊಂಡು ಬರ್ರಿ” ಅಂತ ಒಬ್ಬರು ನಕ್ಕರು. ಅವ್ವ ಅಲ್ಲೇ ನಿಂತಿದ್ದಳು. ಒಂದು ರೂಪಾಯಿನೂ ಬರಲಿಲ್ಲ.

ಆಮೇಲೆ ನಾನು ಆಫೀಸಿಗೆ ತಿರುಗಿ ತಿರುಗಿ ಕಲಿತೆ. ಕಲಿತದ್ದು ನಿಮಗೆ ಪುಕ್ಕಟೆ ಕೊಡ್ತೀನಿ.

ಮೊದಲನೆಯದು ಪಂಚನಾಮಾ. ಮಳೆಗೆ, ಹೊಳೆಗೆ ಮನೆ ಬಿದ್ದರೆ ಆಪತ್ತು ನಿಧಿಯಿಂದ ಪರಿಹಾರ ಅದ. 2022ರಿಂದ 2026ರ ತನಕ ಗೊತ್ತು ಮಾಡಿದ ದರದ ಪ್ರಕಾರ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಕನಿಷ್ಠ ನೂರಕ್ಕೆ 15ರಷ್ಟು ಹಾನಿಯಾದರೆ ಕಚ್ಚಾ ಮನೆಗೆ 4,000, ಪಕ್ಕಾ ಮನೆಗೆ 6,500. ನಾಲ್ಕು ಸಾವಿರದಾಗ ಒಂದು ಗ್ವಾಡಿ ಏಳೂದಿಲ್ಲ, ನನಗೂ ಗೊತ್ತು. ಆದರೆ “ಪೂರ್ತಿ” ಅಂತ ಬರೀತಾರೋ “ಭಾಗಶಃ” ಅಂತ ಬರೀತಾರೋ, ಆ ಒಂದೇ ಶಬ್ದಕ್ಕೆ ಲಕ್ಷ ರೂಪಾಯಿಗೂ ಹೆಚ್ಚು ಫರಕು ಬೀಳ್ತದ. ಅದಕ್ಕೇ ಬಿದ್ದ ಮಣ್ಣು ಎತ್ತೋದಕ್ಕಿಂತ ಮೊದಲು ಫೋಟೋ ತೆಗೀರಿ. ತಲಾಠಿಯವರಿಗೆ ಅರ್ಜಿ ಕೊಟ್ಟು ಪೋಚ್ ತಗೊಳ್ರಿ. ಪಂಚನಾಮಾ ಓದಿಸಿ, ತಿಳಕೊಂಡು ಆಮೇಲೆ ಸಹಿ ಹಾಕ್ರಿ.

ಎರಡನೆಯದು ರಮಾಯಿ ಘರಕುಲ. ಮಾತೆ ರಮಾಯಿ ತಮ್ಮ ಸಂಸಾರದ ಬಹಳ ವರ್ಷ ಮುಂಬಯಿಯ ಪರಳದ ಚಾಳಿನ ಕೋಣೆಯೊಳಗೇ ಕಳೆದರು. 1935ರ ಮೇ 27ರಂದು ತೀರಿಕೊಂಡರು. ಅವರ ಹೆಸರಿನ ಈ ಯೋಜನೆ ನಮ್ಮ ಪರಿಶಿಷ್ಟ ಜಾತಿಯವರಿಗೆ, ನವಬೌದ್ಧರಿಗೆ ಅಂತಲೇ ಇರೋದು. ಹಳ್ಳಿಯಲ್ಲಿ ಮೂಲ ಮೊತ್ತ 1,20,000, ಮನೆ 269 ಚದರ ಅಡಿ. ಕಚ್ಚಾ ಮನೆ ಇದ್ದ ಜಾಗದಲ್ಲೇ ಪಕ್ಕಾ ಮನೆ ಕಟ್ಟಬಹುದು. ಹಣ ಹಪ್ತೆ ಹಪ್ತೆಯಾಗಿ ಬ್ಯಾಂಕ್ ಖಾತೆಗೆ ಬರ್ತದ. ಗೌಂಡಿಯಾಗಿ ಒಂದು ಮಾತು: ಹೆಸರು ಯಾದ್ಯಾಗ ಬಂತು ಅಂತ ಕೇಳಿದ ಕೂಡಲೇ ಹಳೇ ಮನಿ ಕೆಡವಬ್ಯಾಡ್ರಿ. ಮಂಜೂರಿ ಪತ್ರ ಕೈಯಾಗ ಬರಲಿ, ಮೊದಲ ಹಪ್ತೆ ಖಾತೆಗೆ ಬೀಳಲಿ. ಆತುರ ಮಾಡಿ ಕೆಡವಿ, ಎರಡು ಮಳೆಗಾಲ ತಾಡಪತ್ರಿ ಕೆಳಗೆ ಕಳೆದ ಸಂಸಾರ ನಾನು ನೋಡೀನಿ. ಹಳೇ ಕಲ್ಲು, ಜಂತಿ ಮಾರಬ್ಯಾಡ್ರಿ. ಪಾಯಕ್ಕ, ಬಾಗಿಲ ಚೌಕಟ್ಟಿಗೆ ಬರ್ತಾವ.

ಇನ್ನು ಯಾರ ಮನೆಗೆ ಸ್ಲ್ಯಾಬ್ ಇದ್ದೂ ಸೋರ್ತದ, ಅವರ ಪಾಡೇನು? ಕೇರಿಯಲ್ಲಿ ಇಂಥವರೇ ಬಹಳ. ಹಿಂದೊಮ್ಮೆ ಘರಕುಲ ಸಿಕ್ಕದ, ಈಗ ಕಬ್ಬಿಣ ತುಕ್ಕು ಹಿಡಿದು ಸ್ಲ್ಯಾಬಿನ ಚಕ್ಕೆ ತಲಿ ಮ್ಯಾಲ ಬೀಳ್ತದ. ಸರಕಾರದ ಲೆಕ್ಕದಲ್ಲಿ ಅದು ಪಕ್ಕಾ ಮನೆ, ಹೊಸದು ಸಿಗೂದಿಲ್ಲ. ಇವರಿಗೆ ಬೇಕಾದ್ದು ದುರುಸ್ತಿ. ಅದಕ್ಕೆ ಕೇಳಬೇಕಾದ ಹಣ ನಮ್ಮ ಊರಾಗೇ ಅದ. ಗ್ರಾಮಪಂಚಾಯತಿ ತನ್ನ ಸ್ವಂತ ಉತ್ಪನ್ನದ ನೂರಕ್ಕೆ 15 ಪಾಲು ಹಿಂದುಳಿದವರಿಗೆ ಖರ್ಚು ಮಾಡಬೇಕು. ಜಿಲ್ಲಾ ಪರಿಷತ್ತು ನೂರಕ್ಕೆ 20 ಪಾಲು. ಆ ಹಣದಲ್ಲಿ ಏನೇನು ಕೊಡಬೇಕು ಅನ್ನೋದು ವರ್ಷ ವರ್ಷ ಗೊತ್ತಾಗ್ತದ. ನಾವು ಬಾಯಿ ಮುಚ್ಚಿಕೊಂಡು ಕುಂತರೆ ಬೇರೆಯವರು ಗೊತ್ತು ಮಾಡ್ತಾರ. ನಾವು ಹೋಗಿ ಕೇಳಿದರೆ ಪತ್ರಾ, ಮನೆ ದುರುಸ್ತಿ ಅನ್ನೋದು ಆ ಯಾದ್ಯಾಗ ಬರಬಹುದು. ಬರಲಿಲ್ಲ ಅಂದರೆ ಯಾಕ ಬರಲಿಲ್ಲ ಅಂತ ಕೇಳೋ ಹಕ್ಕಂತೂ ನಮಗದ.

ಅದಕ್ಕೇ ಸಂಘದ ಹುಡುಗರಿಗೆ ನನ್ನ ಕೋರಿಕೆ. ಜಯಂತಿಗೆ ಡಿಜೆ ಹಚ್ಚೂದು ಬ್ಯಾಡ ಅನ್ನೂದಿಲ್ಲ. ಅದರ ಜೋಡಿ ಇದೊಂದು ಕೆಲಸ ಮಾಡ್ರಿ. ಮಳೆಗಾಲಕ್ಕಿಂತ ಮೊದಲು ಒಂದು ವಹಿ ಹಿಡಿದು ಕೇರಿಯ ಒಂದೊಂದು ಮನೆಗೆ ಹೋಗ್ರಿ. ಉತಾರಾ ಯಾರ ಹೆಸರಲ್ಲಿ ಅದ, ಜಾತಿ ದಾಖಲೆ ಅದನೋ ಇಲ್ಲೋ, ಎಲ್ಲಿ ಸೋರ್ತದ, ಯಾವ ಗ್ವಾಡಿ ಬಾಗ್ಯದ, ಬರಕೊಳ್ರಿ, ಫೋಟೋ ತಗೀರಿ. ಸತ್ತವರ ಹೆಸರು ಇದ್ದರೆ ವಾರಸದಾರರ ಹೆಸರು ಹಚ್ಚಿಸೋ ಅರ್ಜಿ ಈಗಲೇ ಹಾಕಿಸ್ರಿ. ಗಂಡನ ಹೆಸರಿನ ಜೋಡಿ ಹೆಂಡತಿ ಹೆಸರೂ ಇರಲಿ. ಮೇ 1ಕ್ಕ, ಆಗಸ್ಟ್ 15ಕ್ಕ ಗ್ರಾಮಸಭೆ ಕೂಡಿದಾಗ ಆ ವಹಿ ತಗೊಂಡು ಹೋಗ್ರಿ. “ನೂರಕ್ಕೆ 15 ಪಾಲಿನ ಹಣ ಹೋದ ವರ್ಷ ಎಷ್ಟಿತ್ತು, ಎಲ್ಲಿ ಹೋಯ್ತು?” ಅಂತ ಎದ್ದು ನಿಂತು ಕೇಳ್ರಿ. ಉತ್ತರ ಬರಲಿಲ್ಲ ಅಂದರೆ ಹತ್ತು ರೂಪಾಯಿ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. 30 ದಿನದೊಳಗ ಉತ್ತರ ಕೊಡಬೇಕು ಅಂತ 2005ರ ಕಾಯದೆ ಹೇಳ್ತದ.

ಒಬ್ಬರೇ ಹೋದರೆ ನಾಳೆ ಬಾ ಅಂತಾರ. ಇಪ್ಪತ್ತು ಮಂದಿ ವಹಿ ಹಿಡಕೊಂಡು ಹೋದರೆ ಕುರ್ಚಿ ಹಾಕ್ತಾರ. ಇದು ನಾನು ಕಣ್ಣಾರೆ ಕಂಡದ್ದು.

ಅವ್ವನ ಗ್ವಾಡಿ ನಾನೇ ಕಟ್ಟಿದೆ, ಎರಡು ವರ್ಷದ ಮ್ಯಾಲೆ, ಸಾಲ ಮಾಡಿ. ಈಗ ಉತಾರಾದಾಗ ಅವಳ ಹೆಸರು ಬಂದದ. ಅಕ್ಷರ ಬರದ ಮುದುಕಿ, ಆ ಕಾಗದ ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಬಾಸಾಹೇಬರ ಫೋಟೋದ ಹಿಂದೆ ಇಟ್ಟಾಳ. ಮಳೆ ಬಂದಾಗೆಲ್ಲ ಮೊದಲು ಅದು ತೋಯ್ದದೇನು ಅಂತ ನೋಡ್ತಾಳ.

ನಿಮ್ಮ ಕೇರಿಯ ಪ್ರತಿ ಮನ್ಯಾಗೂ ಅಂಥ ಒಂದು ಕಾಗದ ಇರಲಿ. ವಹಿ ಬರೆಯೋ ದಿನ ನನಗ ಹೇಳಿ ಕಳಸ್ರಿ, ಯಾವ ಗ್ವಾಡಿ ತಡೀತದ, ಯಾವುದು ತಡಿಯೂದಿಲ್ಲ ಅಂತ ನೋಡಿ ಹೇಳಾಕ ಬರ್ತೀನಿ. ಜೈ ಭೀಮ್.